ನಮ್ಮ ಕಾರಿಗೆ ‘ಒಂತೆ’ ಆಯಿಲ್

ಬಾನೆಟ್ ಎತ್ತಿ ಒಳಗೆ ಇಣುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರಾಗಿ ಇಪ್ಪತ್ತಾರು ವರ್ಷ ಸಂಧಿ ಸಮಾಸಗಳನ್ನು ಬಿಚ್ಚಿ ಜೋಡಿಸಿದವನು ನಾನು. ಯಾವ ಪದವನ್ನು ಎಲ್ಲಿ ತುಂಡು ಮಾಡಬೇಕು, ಎಲ್ಲಿ ಲೋಪ, ಎಲ್ಲಿ ಆಗಮ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಬಾನೆಟ್ಟಿನ ಕೆಳಗೆ ಆ ಕಪ್ಪು ಪೈಪುಗಳೆಲ್ಲ ಒಂದರೊಳಗೊಂದು ಹೊಕ್ಕು ಕುಳಿತದ್ದನ್ನು ನೋಡಿದರೆ ಯಾವುದು ಪೂರ್ವಪದ, ಯಾವುದು ಉತ್ತರಪದ ಎಂದು ತಲೆಬುಡ ತಿಳಿಯುವುದಿಲ್ಲ. ದಾರಿಬದಿಯಲ್ಲಿ ಯಾರಾದರೂ ಬಾನೆಟ್ ಎತ್ತಿ ನಿಂತಿದ್ದರೆ ನಾನೂ ನಿಲ್ಲುತ್ತೇನೆ, ಕೈ ಹಿಂದೆ ಕಟ್ಟಿಕೊಂಡು ಇಣುಕುತ್ತೇನೆ, ಅವರು ತಲೆಯಾಡಿಸಿದಾಗ ನಾನೂ ಆಡಿಸುತ್ತೇನೆ. ಒಮ್ಮೆ ಸಿದ್ದಕಟ್ಟೆಯಲ್ಲಿ ಹೀಗೆ ಹತ್ತು ನಿಮಿಷ ತಲೆಯಾಡಿಸಿದ ಮೇಲೆ ಆ ಕಾರಿನವರು ನನ್ನನ್ನೇ ಮೆಕ್ಯಾನಿಕ್ ಎಂದು ತಿಳಿದು, “ಹಾಗಾದರೆ ಈಗ ಎಂತ ಮಾಡುವ?” ಎಂದು ಕೇಳಿದರು. ಬಸ್ಸು ಬಂತೆಂದು ಹೇಳಿ ತಪ್ಪಿಸಿಕೊಂಡೆ.

ಇಂಥವನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಕಾರು ಬಂತು. ಬಂಟ್ವಾಳ ಪೇಟೆಯಿಂದ ಸ್ವಲ್ಪ ಮೇಲೆ, ಗುಡ್ಡೆಯ ಬದಿಯಲ್ಲಿ ನಮ್ಮ ಮನೆ. ಮೂಡುಬಿದಿರೆಯಲ್ಲಿ ನನ್ನ ಶಾಲೆ. ಅಷ್ಟು ವರ್ಷ ಬಸ್ಸಿನ ಸರಳು ಹಿಡಿದು ನೇತಾಡಿದ ಕೈಗೆ ಸ್ಟಿಯರಿಂಗ್ ಸಿಕ್ಕಿದಾಗ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಂಗಳದ ಸಿಮೆಂಟಿನ ಮೇಲೆ ಮೂತಿ ಮನೆಯ ಕಡೆ ಮಾಡಿ, ಹಿಂದಿನ ಚಕ್ರಗಳಿಗೆ ಎರಡು ಕೆಂಪು ಕಲ್ಲು ಅಡ್ಡ ಕೊಟ್ಟು ಅದನ್ನು ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಎದ್ದವನೇ ಬಾಗಿಲು ತೆರೆದು ಅದರ ಮುಖ ನೋಡುತ್ತಿದ್ದೆ. “ಮದುವೆಯಾದ ಮರುದಿನ ಸಹ ನನ್ನನ್ನು ನೀವು ಇಷ್ಟು ಹೊತ್ತು ನೋಡಿದ್ದಿಲ್ಲ ಮಾರಾಯ್ರೆ” ಎಂದು ಹೆಂಡತಿ ವಾರಿಜಾ ಹೇಳಿದಳು. ನಾವು ಮನೆಯಲ್ಲಿ ಆಡುವುದು ತುಳು. ಅವಳ ಮಾತನ್ನು ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ ಎಂದು ಓದುಗರು ತಿಳಿಯಬೇಕು.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಆಮೇಲೆ ಒಂದು ದಿನ ಕೊಕ್ಕಡದಲ್ಲಿ ವಾರಿಜಾಳ ಅಣ್ಣನ ಮನೆಯ ಪೂಜೆಗೆ ಹೋದೆವು. ಈ ಭಾವ ಕೊಲ್ಲಿ ದೇಶದಲ್ಲಿ ಹದಿನೆಂಟು ವರ್ಷ ದೊಡ್ಡ ದೊಡ್ಡ ಟ್ರೈಲರ್ ಓಡಿಸಿ ಬಂದವರು. ಈಗ ಊರಲ್ಲಿ ರಬ್ಬರ್ ಮಾಡಿಕೊಂಡಿದ್ದರೂ ಗಾಡಿ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಊಟವಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡವರೇ ನಮ್ಮ ಕಾರಿನ ಬಾನೆಟ್ ಎತ್ತಿದರು. ಆಯಿಲ್ ನೋಡುವ ಕಡ್ಡಿಯನ್ನು ಸರ್ರನೆ ಎಳೆದು, ಬಟ್ಟೆಯಲ್ಲಿ ಒರಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಬೆಳಕಿಗೆ ಹಿಡಿದರು. ಆ ಕಡ್ಡಿ ಅಲ್ಲಿ ಇದೆ ಎಂಬುದು ನನಗೆ ಅಂದೇ ತಿಳಿದದ್ದು. “ಒಂತೆ ಕಮ್ಮಿ ಉಂಟು ಭಾವ” ಎಂದರು. “ಹೊಸ ಗಾಡಿ ಅಂತ ನಂಬಿ ಕೂತುಕೊಳ್ಳಲಿಕ್ಕಿಲ್ಲ. ಪ್ರತಿ ಆದಿತ್ಯವಾರ ನೋಡಿ, ಕಮ್ಮಿ ಕಂಡರೆ ಒಂತೆ ಹಾಕಿ. ಆಯಿಲ್ ಮುಗಿಯಿತೋ, ಇಂಜಿನ್ ಕಲ್ಲಾಗ್ತದೆ. ಮರಳುಗಾಡಲ್ಲಿ ನಾನು ಕಣ್ಣಾರೆ ನೋಡಿದ್ದೇನೆ.” ಕಲ್ಲಾಗುವುದೆಂದರೆ ನನಗೆ ಅಹಲ್ಯೆಯೇ ಕಣ್ಣೆದುರು ಬಂದಳು.

ತುಳು ಬಾರದವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ‘ಒಂತೆ’ ಎಂದರೆ ‘ಸ್ವಲ್ಪ’. ಇದು ಅರ್ಥ ಮಾತ್ರ, ಅಳತೆಯಲ್ಲ. ಅಳತೆ ಈ ಭೂಮಿಯಲ್ಲಿ ಯಾರಿಗೂ ಗೊತ್ತಿಲ್ಲ. ದಾರಿ ಕೇಳಿದಾಗ ಒಂತೆ ಮುಂದೆ ಹೋಗಿ ಎಂದರೆ ಮೂರು ಕಿಲೋಮೀಟರ್. ಒಂತೆ ಕುಳಿತುಕೊಳ್ಳಿ ಎಂದರೆ ಊಟ ಮಾಡದೆ ಏಳುವ ಹಾಗಿಲ್ಲ ಎಂದರ್ಥ. ಇನ್ನು ಬಡಿಸುವವರ ಕೈಯಲ್ಲಿ ಈ ಶಬ್ದ ಸಿಕ್ಕಿದರೆ ಮುಗಿದೇ ಹೋಯಿತು. ನಮ್ಮಲ್ಲಿ ಎಲೆಯ ಮೇಲೆ ಖಾಲಿ ಜಾಗ ಕಂಡರೆ ಬಡಿಸುವವರಿಗೆ ಸಂಕಟ. ಉಣ್ಣುವವನು ‘ಯಾವು, ಯಾವು’ ಎಂದು, ಅಂದರೆ ಸಾಕು ಸಾಕು ಎಂದು ಎಷ್ಟು ಕೂಗಿದರೂ ಅದನ್ನು ನಾಚಿಕೆಯೆಂದೇ ತಿಳಿಯುತ್ತಾರೆ. ಎರಡೂ ಅಂಗೈಗಳನ್ನು ಎಲೆಗೆ ಅಡ್ಡ ಹಿಡಿದು ಮೈಯನ್ನೇ ಬಾಗಿಸಿದರೆ ಮಾತ್ರ ನಂಬಿಕೆ. ನನ್ನ ಅತ್ತೆಯವರು ಅದನ್ನೂ ನಂಬುತ್ತಿರಲಿಲ್ಲ. ಒಂತೆ ಎನ್ನುತ್ತಾ ಬೆರಳ ಸಂದಿಯಿಂದಲೇ ಪಾಯಸ ಇಳಿಸಿಬಿಡುತ್ತಿದ್ದರು. ಅಂಥ ಮನೆಯ ಅಳಿಯ ನಾನು.

ಮುಂದಿನ ಆದಿತ್ಯವಾರ ಬೆಳಿಗ್ಗೆ ಸ್ನಾನ ಮಾಡಿ, ಹಳೆಯ ಬನಿಯನ್ನಿನ ತುಂಡು ಹಿಡಿದು, ಅಂಗಳಕ್ಕೆ ಇಳಿದೆ. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿವೆ. ಆಯಿಲ್ ಅವೆರಡರ ನಡುವೆ ಇರಬೇಕು. ಎಳೆದು ನೋಡಿದರೆ ಕೆಳಗಿನ ಗುರುತಿಗೂ ಕೆಳಗೆ ಎಲ್ಲೋ ತುದಿಯಲ್ಲಿ ಒದ್ದೆ. ಪೇಟೆಗೆ ಓಡಿ ಕಂಪೆನಿ ಹೇಳಿದ ನಮೂನೆಯ ಆಯಿಲ್ ಡಬ್ಬಿಯನ್ನೇ ತಂದು ಒಂತೆ ಹಾಕಿದೆ. ನನ್ನ ಒಂತೆ ಎಂದರೆ ಸುಮಾರು ಅರ್ಧ ಲೀಟರ್. ಹದಿನೈದು ದಿನ ಬಿಟ್ಟು ನೋಡಿದರೆ ಮತ್ತೆ ಕೆಳಗೆ. ಮತ್ತೆ ಒಂತೆ. ಹೀಗೆ ನಾಲ್ಕು ತಿಂಗಳು ನಡೆಯಿತು. ನಿಜ ಹೇಳಬೇಕೆಂದರೆ ಚಿಂತೆಯ ಜೊತೆಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ತೋಳು ಮಡಚಿ, ಕಡ್ಡಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವ ಗತ್ತು ನನಗೂ ಬಂದಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಲಿ ಎಂದು ಬಾನೆಟ್ಟನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಎತ್ತಿಯೇ ಇಡುತ್ತಿದ್ದೆ.

ಆಮೇಲೆ ಹೊಗೆ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ನೀಲಿ ನೀಲಿ ಹೊಗೆ ಅಂಗಳದಲ್ಲಿ ಹರಡಿ ಬಟ್ಟೆ ಒಣಹಾಕುವ ಹಗ್ಗದವರೆಗೆ ಹೋಗುತ್ತಿತ್ತು. “ಸೊಳ್ಳೆ ಬಿಟ್ಟುಹೋಯಿತು, ಅದೊಂದು ಲಾಭ” ಎಂದಳು ವಾರಿಜಾ. ಆದರೆ ಅವಳ ಮುಖದಲ್ಲೂ ನಗು ಇರಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ದುಃಖ ತೋಡಿಕೊಂಡೆ. ಕನ್ನಡ ಮಾಸ್ಟ್ರು ಆಯಿಲ್ ಎನ್ನಬಾರದೆಂಬ ಹಟ ನನ್ನದು. “ಎರಡು ವರ್ಷ ತುಂಬಿತಷ್ಟೆ, ಆಗಲೇ ಎಣ್ಣೆ ಕುಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ನಾನೇ ಕುಡಿಸುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಏಳುವುದಿಲ್ಲವೋ ಎಂದು ಹೆದರಿಕೆ” ಎಂದೆ. ನಮ್ಮ ಪಿ.ಟಿ. ಮಾಸ್ಟ್ರು ಹಾವೇರಿ ಕಡೆಯವರು. ಅವರ ಕಡೆ ಎಣ್ಣೆ ಕುಡಿಯುವುದೆಂದರೆ ಬೇರೆಯೇ. ಚಹಾದ ಲೋಟ ಕೆಳಗಿಟ್ಟು, “ಎರಡ್ ವರ್ಷದ ಕೂಸಿಗೇನ್ರೀ ಸರ? ನೀವಾ ಕುಡಸ್ತೀರೇನ್ರೀ?” ಎಂದು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಕಾರು ಎಂದು ವಿವರಿಸಿದ ಮೇಲೂ ಅವರಿಗೆ ಒಂದು ವಾರ ನನ್ನ ಮೇಲೆ ಸಂಶಯವಿತ್ತು.

ಕೊನೆಗೆ ಕಾರು ಕೊಂಡ ಕಡೆಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ಹುಡುಗಿ ಬಹಳ ವಿನಯದವಳು. ಅಂದು ಕಾರುಗಳ ಸಾಲು ಗೇಟಿನವರೆಗೆ ಇತ್ತು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, “ಅಮ್ಮಾ, ಈ ವಾಹನವು ಪ್ರತಿ ಪಕ್ಷಕ್ಕೆ ಅರ್ಧ ಲೀಟರಿನಷ್ಟು ತೈಲವನ್ನು ಸೇವಿಸುತ್ತಿದೆ, ಇದನ್ನು ನಾನು ನಾಲ್ಕು ತಿಂಗಳುಗಳಿಂದ ಸ್ವತಃ ಪರಿಶೀಲಿಸಿ ದೃಢಪಡಿಸಿಕೊಂಡಿದ್ದೇನೆ” ಎಂದೆ. ಈ ಗ್ರಾಂಥಿಕ ಕನ್ನಡದ ಅಪಾಯ ನನಗೆ ಆಗ ಹೊಳೆಯಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿ ಕೂತ ವಾಕ್ಯವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಸಂಶಯಿಸುವುದಿಲ್ಲ. ಆ ಹುಡುಗಿ ಕಡ್ಡಿ ಎಳೆದು ನೋಡುವ ಗೊಡವೆಗೇ ಹೋಗದೆ, ಕೋರ್ಟಿನ ತೀರ್ಪಿನಂತೆ ನನ್ನ ಮಾತನ್ನು ಇದ್ದ ಹಾಗೇ ಬರೆದುಕೊಂಡಳು. ಹಿಂದಿನ ನೀಲಿ ಹೊಗೆಯನ್ನು ಒಬ್ಬರು ಬಂದು ನೋಡಿ ಹೋದರು. “ಸರ್, ನೀವು ಹೇಳುವಷ್ಟು ಕುಡಿಯುತ್ತದೆ ಅಂತಾದರೆ ಇಂಜಿನ್ ಬಿಚ್ಚಿ ನೋಡಬೇಕಾಗ್ತದೆ. ಬರುವ ಬುಧವಾರ ಹತ್ತು ಗಂಟೆಗೆ ತನ್ನಿ. ವಾರಂಟಿ ಉಂಟು, ನೀವು ಹೆದರಬೇಡಿ” ಎಂದಳು.

ವಾರಂಟಿ ಇದ್ದರೇನು, ಬಿಚ್ಚುವುದು ಬಿಚ್ಚುವುದೇ ಅಲ್ಲವೇ? ನಮ್ಮ ಕಡೆ ಕಂಪೆನಿಯಲ್ಲಿ ಬಿಗಿದ ಬೋಲ್ಟಿನ ಬಗ್ಗೆ ಜನರಿಗೆ ದೈವದಷ್ಟೇ ಭಯಭಕ್ತಿ. ಒಮ್ಮೆ ಇಂಜಿನ್ ಬಿಚ್ಚಿದ ಗಾಡಿ ಎಂದರೆ ಸ್ವರ ತಗ್ಗಿಸಿ ಮಾತಾಡುತ್ತಾರೆ. ಭಾವನಿಗೆ ಫೋನು ಮಾಡಿದರೆ, “ಬಿಚ್ಚಿದರೆ ಮತ್ತೆ ಆ ಸೌಂಡ್ ಬರುವುದಿಲ್ಲ ಭಾವ. ಓಡ್ತದೆ, ಆದರೆ ಆ ಸೌಂಡ್ ಬರುವುದಿಲ್ಲ” ಎಂದರು. ಆ ಸೌಂಡ್ ನನಗೆ ಗೊತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಮ್ಮೆ ಕೆಮ್ಮಿ, ಆಮೇಲೆ ಸಣ್ಣಗೆ ಗುಂಯ್‌ಗುಡುತ್ತಾ ನಿಲ್ಲುವ ಆ ಸದ್ದು ಕೇಳಿದರೆ ನನಗೆ ಇಡೀ ದಿನದ ಪಾಠ ಹಗುರಾಗುತ್ತಿತ್ತು. ಎರಡೇ ವರ್ಷದ ಕಾರಿನ ಹೊಟ್ಟೆ ಸೀಳಿ ಮೇಜಿನ ಮೇಲೆ ಹರಡಿದ್ದನ್ನು ನೆನೆದು ನಿಜವಾಗಿಯೂ ಕಣ್ಣು ಒದ್ದೆಯಾಯಿತು. “ಒಬ್ಬರಿಗೆ ಮಾತ್ರ ತೋರಿಸಿ ಸುಮ್ಮನಾಗಬಾರದು. ಆಪರೇಶನ್ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದಿಲ್ಲವಾ?” ಎಂದಳು ವಾರಿಜಾ. ಅವಳ ಈ ಒಂದು ಮಾತಿಗೆ ನಾನು ಜೀವನಪೂರ್ತಿ ಋಣಿ.

ಹಾಗೆ ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾನು ಮೂಡುಬಿದಿರೆಯ ಪಾಸ್ಕಲ್ ಪೊರ್ಬುಗಳ ಗ್ಯಾರೇಜಿಗೆ ಹೋದೆ. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಗೌರವದಿಂದ ಪೊರ್ಬುಗಳು ಎನ್ನುವುದು ರೂಢಿ. ಅರುವತ್ತು ದಾಟಿದ, ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ನಾನು ನನ್ನ ‘ತೈಲ ಸೇವನೆ’ಯ ವಾಕ್ಯವನ್ನು ಅವರ ಮುಂದೆಯೂ ಹೇಳಿದೆ. ಅವರು ಬಾನೆಟ್ ಮುಟ್ಟಲಿಲ್ಲ. ಬೆಂಚಿನಲ್ಲಿ ಕೂರಿಸಿ, ಹಳೆಯ ಕಾಲದ ಡಾಕ್ಟರು ಕೇಳಿದ ಹಾಗೆ ಒಂದೊಂದೇ ಕೇಳಿದರು. ಕಡ್ಡಿ ನೋಡುವುದು ಯಾವ ಹೊತ್ತಿಗೆ? ಯಾರು ನೋಡುವುದು? ಹಾಕುವುದು ಯಾರು? ಕೊನೆಗೆ, “ಗಾಡಿ ಎಲ್ಲಿ ಮಲಗುವುದು ಮಾಸ್ಟ್ರೆ?” ಎಂದರು. ಅಂಗಳದಲ್ಲಿ ಎಂದೆ. “ನಿಮ್ಮದು ಗುಡ್ಡೆ ಮನೆ ಅಲ್ಲವಾ?” ಎಂದು ಕೇಳಿ, ಹೌದೆಂದಾಗ ಬೆಂಚಿನಿಂದ ಎದ್ದರು. “ಗಾಡಿಯ ಮನೆ ನೋಡದೆ ನಾನು ಗಾಡಿಯ ಕಾಯಿಲೆ ಹೇಳುವುದಿಲ್ಲ. ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ಬರ್ತೇನೆ. ಅಲ್ಲಿವರೆಗೆ ನೀವು ಅದಕ್ಕೆ ಎಂತದೂ ಹಾಕಬೇಡಿ ಆಯ್ತಾ.” ಎದುರಿಗೇ ನಿಂತಿದ್ದ ಕಾರನ್ನು ಬಿಟ್ಟು ಅದರ ಮನೆ ನೋಡಲು ಬರುವ ಮೆಕ್ಯಾನಿಕ್ಕನ್ನು ನಾನು ಎಲ್ಲೂ ಕಂಡಿರಲಿಲ್ಲ.

ಅವರು ಬಂದರು. ಇಗರ್ಜಿಗೆ ಹೋದ ಬಿಳಿ ಅಂಗಿಯಲ್ಲೇ ಸ್ಕೂಟರಿನಿಂದ ಇಳಿದರು, ಕೈಯಲ್ಲಿ ಒಂದು ಸಣ್ಣ ಚೀಲ. ಕಾರಿನ ಸುತ್ತ ಒಂದು ಸುತ್ತು ಬಂದರು. ವಾರಿಜಾಳ ಹತ್ತಿರ ಒಂದು ಲೋಟ ನೀರು ಕೇಳಿದರು. ಕುಡಿಯಲಿಕ್ಕೆ ಎಂದು ಅವಳು ಬೆಲ್ಲದ ತುಂಡನ್ನೂ ತಂದಳು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ಕಾರಿನ ಮುಂದಿನ ಚಕ್ರದ ಹತ್ತಿರ ಸಿಮೆಂಟಿನ ಮೇಲೆ ಸುರಿದರು. ನೀರು ಸರಸರನೆ ಕಾರಿನ ಅಡಿಯಿಂದ ಹಿಂದಕ್ಕೆ ಹರಿದು, ಕೆಂಪು ಕಲ್ಲಿಗೆ ತಾಗಿ ಸುತ್ತಿ, ಗೇಟಿನ ಹೊರಗೆ ಹೋಯಿತು. ನಾವು ಮೂವರೂ ಅದು ಹೋಗುವುದನ್ನೇ ನೋಡಿದೆವು. “ಈಗ ಕಡ್ಡಿ ನೋಡಿ ಮಾಸ್ಟ್ರೆ” ಎಂದರು. ನಾನು ನನ್ನ ಗತ್ತಿನಿಂದಲೇ ಎಳೆದು ನೋಡಿದೆ. ತುದಿಯಲ್ಲಿ ಮಾತ್ರ ಒದ್ದೆ. “ನೋಡಿದಿರಾ!” ಎಂದು ಗೆದ್ದವನಂತೆ ತೋರಿಸಿದೆ. ಅವರು ಹೌದೆಂದು ತಲೆಯಾಡಿಸಿ, “ಬನ್ನಿ, ಹಾಲಿನ ಸೊಸೈಟಿಗೆ ಹೋಗುವ” ಎಂದರು.

ನಮ್ಮ ಗುಡ್ಡೆಯ ಬುಡದಲ್ಲಿ ಹಾಲಿನ ಸೊಸೈಟಿ ಇದೆ. ಅದರೆದುರು ನೀರು ನಿಲ್ಲುವಷ್ಟು ಸಮತಟ್ಟಾದ ಕಾಂಕ್ರೀಟು. ಕಾರನ್ನು ಅಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಕಾಯಿಸಿದರು. ಆ ಹತ್ತು ನಿಮಿಷ ಅವರು ನಮ್ಮ ಶಾಲೆಯ ಬಗ್ಗೆ, ವಾರಿಜಾಳ ಊರಿನ ಬಗ್ಗೆ ಮಾತಾಡಿದರೇ ಹೊರತು ಕಾರಿನ ಬಗ್ಗೆ ಒಂದು ಶಬ್ದ ಎತ್ತಲಿಲ್ಲ. ಆಮೇಲೆ ಕಡ್ಡಿ ಎಳೆಯಲು ಹೇಳಿದರು. ಎಳೆದೆ. ಮೇಲಿನ ಗುರುತು ಎಲ್ಲಿದೆ ಎಂದು ಹುಡುಕಿದೆ. ಅದು ಆಯಿಲ್‌ನಲ್ಲಿ ಮುಳುಗಿತ್ತು. ಗುರುತಿನಿಂದ ಎರಡು ಬೆರಳು ಮೇಲಿನವರೆಗೆ ಕಡ್ಡಿ ಮಿರಮಿರ ಮಿಂಚುತ್ತಿತ್ತು.

“ಅಂಗಳದಲ್ಲಿ ಮೂತಿ ಮೇಲೆ ಉಂಟಲ್ಲ, ಆಯಿಲ್ ಎಲ್ಲಾ ಹಿಂದೆ ಹೋಗಿ ಕೂತುಕೊಳ್ತದೆ. ಕಡ್ಡಿ ಇರುವ ಕಡೆ ಖಾಲಿ ಕಾಣ್ತದೆ” ಎಂದು ಪಾಸ್ಕಲ್ ಪೊರ್ಬುಗಳು ಮೆತ್ತಗೆ ವಿವರಿಸಿದರು. “ನೀವು ಹಾಕ್ತೀರಿ. ಹೆಚ್ಚಾದದ್ದು ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆ ಆಗ್ತದೆ. ಪಾಪ, ಅದು ಎಂತ ಮಾಡ್ಬೇಕು? ಸುಟ್ಟು ಹೊಗೆ ಮಾಡಿ ಹೊರಗೆ ಹಾಕ್ತದೆ. ನೀವು ಮತ್ತೆ ಅಂಗಳದಲ್ಲಿ ನೋಡ್ತೀರಿ, ಮತ್ತೆ ಹಾಕ್ತೀರಿ.” ಹಾಗಾದರೆ ಕೊಕ್ಕಡದಲ್ಲಿ ಭಾವ ನೋಡಿದ್ದು? “ಸಣ್ಣಕ್ಕೆ ಕಮ್ಮಿ ಇದ್ದಿರಬಹುದು. ಎಲ್ಲಾ ಗಾಡಿಯೂ ಅಷ್ಟು ಕುಡಿಯುತ್ತದೆ. ಅದಕ್ಕೆ ಒಮ್ಮೆ ಹಾಕಿದ್ದರೆ ಮುಗಿಯುತ್ತಿತ್ತು.” ಇಂಜಿನ್ ಹಾಳಾಗಿದೆಯೇ ಎಂದು ಕೇಳಿದೆ. ಅವರು ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಆ ಕೈಯನ್ನು ನಾನು ನೋಡುತ್ತಲೇ ಇದ್ದೆ. ಮೂರು ಬೆರಳುಗಳ ಉಗುರುಗಳಿಗೆ ಹಳೆಯ ಪೆಟ್ಟಿನ ಕಪ್ಪು, ಗೆಣ್ಣುಗಳಲ್ಲಿ ತೊಳೆದರೂ ಹೋಗದ ಗ್ರೀಸು. “ಎಂತ ಸಹ ಆಗಲಿಲ್ಲ. ಒಳ್ಳೆ ಇಂಜಿನ್ ಇದು. ನಾಲ್ಕು ತಿಂಗಳು ಇಷ್ಟು ಕುಡಿಸಿದರೂ ಒಂದು ದಿನ ದಾರಿಯಲ್ಲಿ ನಿಲ್ಲಲಿಲ್ಲವಲ್ಲ!” ಎಂದರು. ನನ್ನ ಕಾರಿನ ಮೇಲೆ ನನಗೆ ಅಷ್ಟು ಪ್ರೀತಿ ಅದುವರೆಗೆ ಬಂದಿರಲಿಲ್ಲ.

ಅವರು ಅಲ್ಲೇ ಬಿಳಿ ಅಂಗಿ ಕಳಚಿ ಚೀಲದಲ್ಲಿಟ್ಟು, ಕಾರಿನಡಿಗೆ ನುಸುಳಿ, ಕೆಳಗಿನ ಒಂದೇ ಒಂದು ಬೋಲ್ಟನ್ನು ಸಡಿಲಿಸಿ, ಹೆಚ್ಚಾದ ಆಯಿಲನ್ನು, ಮನೆಯಿಂದ ಹೊರಡುವಾಗಲೇ ಕೇಳಿ ತಂದಿದ್ದ ವಾರಿಜಾಳ ಹಳೆಯ ಬೇಸಿನಿಗೆ ಇಳಿಸಿದರು. ಎಷ್ಟು ಇಳಿಸಬೇಕೋ ಅಷ್ಟೇ ಇಳಿಯಿತು. ಅಳತೆಯ ಪಾತ್ರೆ ಇಲ್ಲ, ಗಡಿಬಿಡಿ ಇಲ್ಲ. ಕಡ್ಡಿ ಎಳೆದರೆ ಎರಡು ಗುರುತುಗಳ ನಡುವೆ ಸರಿಯಾಗಿ ನಿಂತಿತ್ತು. ‘ಒಂತೆ’ ಎಂಬ ಶಬ್ದಕ್ಕೆ ನಿಜವಾದ ಅಳತೆ ಗೊತ್ತಿರುವ ಒಬ್ಬರನ್ನು ನಾನು ಅಂದು ಕಣ್ಣಾರೆ ಕಂಡೆ. ನನ್ನನ್ನು ಅವರು ಒಂದು ಮಾತು ಬೈಯಲಿಲ್ಲ, ನಗಲೂ ಇಲ್ಲ. ವಿದ್ಯೆಯಿದ್ದೂ ಎದುರಿನವನನ್ನು ಸಣ್ಣವನನ್ನಾಗಿ ಮಾಡದಿರುವುದು ನಮ್ಮ ಮಾಸ್ಟ್ರುಗಳಿಗೂ ಬರಬೇಕಾದ ಕಲೆ.

ಮನೆಗೆ ಬಂದು ಚಾವಡಿಯಲ್ಲಿ ಕೂತಾಗ ವಾರಿಜಾ ಬಿಸಿ ಬಿಸಿ ಗೋಳಿಬಜೆ ತಂದಳು. ಅವರು ಆರು ತಿಂದರು. “ಒಂತೆ, ಒಂತೆ” ಎನ್ನುತ್ತಾ ಇನ್ನು ನಾಲ್ಕು ಹಾಕಿದಳು. ಅದನ್ನೂ ತಿಂದರು. ಅವಳು ಮತ್ತೆ ಬಂದಳು. “ಯಾವು, ಯಾವು” ಎಂದರು. ಅವಳೆಲ್ಲಿ ಕೇಳುತ್ತಾಳೆ? ನಾನೂ ಪಕ್ಕದಿಂದ, “ಇನ್ನೆರಡು ಹಾಕು, ಅವರು ನಾಚಿಕೊಳ್ಳುತ್ತಾರೆ” ಎಂದು ಹುರಿದುಂಬಿಸಿದೆ. ಪಾಸ್ಕಲ್ ಪೊರ್ಬುಗಳು ಎರಡೂ ಅಂಗೈಗಳನ್ನು ತಟ್ಟೆಗೆ ಅಡ್ಡ ಹಿಡಿದು ಬಾಗಿದರು. ಬಾಗಿದವರು ಹಾಗೆಯೇ ತಲೆಯೆತ್ತಿ ಅಂಗಳದಲ್ಲಿ ನಿಂತ ಕಾರನ್ನು ನೋಡಿ, ಅಂದು ಮೊದಲ ಬಾರಿಗೆ ನಕ್ಕರು.

“ನನಗೆ ಅಡ್ಡ ಹಿಡಿಯಲಿಕ್ಕೆ ಕೈ ಉಂಟು ಮಾಸ್ಟ್ರೆ. ಪಾಪ, ಅದಕ್ಕೆ ಎಲ್ಲುಂಟು?”

ವಾರಿಜಾ ಸೌಟು ಹಿಡಿದೇ ನಕ್ಕು ನಕ್ಕು ಗೋಡೆಗೆ ಒರಗಿದಳು. ನಾನೂ ನಕ್ಕೆ, ಆದರೆ ನನಗೆ ಆ ಮಾತು ತಾಗಿತು. ಖಾಲಿ ಕಂಡದ್ದನ್ನೆಲ್ಲ ತುಂಬಿಸುವುದೇ ಪ್ರೀತಿ ಎಂದು ತಿಳಿದವನು ನಾನು. ನಲುವತ್ತು ನಿಮಿಷದ ಪಾಠವನ್ನು ಗಂಟೆ ಬಾರಿಸಿದ ಮೇಲೂ ಹತ್ತು ನಿಮಿಷ ಬಡಿಸುತ್ತೇನೆ. ಮಕ್ಕಳಿಗೆ ಕೈ ಇದ್ದರೂ ಅಡ್ಡ ಹಿಡಿಯುವ ಧೈರ್ಯವಿಲ್ಲ. ಅವರ ಕಿವಿಯಿಂದಲೂ ಒಂದಿಷ್ಟು ಹೊಗೆ ಹೋಗುತ್ತಿರಬಹುದು ಎಂದು ನನಗೆ ಅಂದೇ ಹೊಳೆದದ್ದು.

ಬುಧವಾರ ಬೆಳಿಗ್ಗೆ ಸರ್ವಿಸ್ ಸೆಂಟರಿನ ಹುಡುಗಿಯ ಫೋನು ಬಂತು. “ಸರ್, ಹತ್ತು ಗಂಟೆಗೆ ಬರ್ತೀರಲ್ಲ? ಇಂಜಿನ್ ಬಿಚ್ಚುವವರು ರೆಡಿ ಇದ್ದಾರೆ.”

“ಬೇಡಮ್ಮಾ. ಸರಿಯಾಯಿತು.”

“ಹೊರಗೆ ಬಿಚ್ಚಿಸಿದ್ರಾ ಸರ್?”

“ಇಲ್ಲ, ಯಾರೂ ಬಿಚ್ಚಲಿಲ್ಲ.”

“ಹಾಗಾದರೆ ದೂರು ಕ್ಲೋಸ್ ಮಾಡ್ತೇನೆ. ಕಾರಣ ಎಂತ ಅಂತ ಹಾಕಲಿ?”

‘ಅತಿಯಾದ ಉಪಚಾರ’ ಎಂದೆ. ಈ ಪ್ರಕರಣದಲ್ಲಿ ನಾನು ಆಡಿದ ಗ್ರಾಂಥಿಕ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಆಕೆ ಸ್ವಲ್ಪ ಹೊತ್ತು ಹುಡುಕಿದಳು. “ಅದು ಕಂಪ್ಯೂಟರಿನಲ್ಲಿ ಇಲ್ಲ ಸರ್. ಇರುವುದು ರಿಂಗ್, ಸೀಲ್, ಗ್ಯಾಸ್ಕೆಟ್, ಇತರೆ.”

“ಮಾಲಕ ಅಂತ ಇಲ್ಲವಾ?”

“ಇಲ್ಲ ಸರ್.”

“ಹಾಗಾದರೆ ಇತರೆ ಅಂತ ಹಾಕಿಬಿಡಮ್ಮಾ” ಎಂದೆ. ಹಾಕಿದಳು. ಆ ಕಾರಿನ ಸಾವಿರಾರು ಬಿಡಿಭಾಗಗಳಿಗೆಲ್ಲ ಕಂಪೆನಿ ಒಂದೊಂದು ಹೆಸರು ಕೊಟ್ಟಿದೆ. ನಿಜವಾಗಿ ಕೆಟ್ಟುಹೋಗಿದ್ದ ಒಂದೇ ಒಂದು ಭಾಗಕ್ಕೆ ಮಾತ್ರ ಅವರ ಪುಸ್ತಕದಲ್ಲಿ ‘ಇತರೆ’ ಎಂದು ಹೆಸರು.